ಎರಡು ಸೂತ ಕಮ್ಮಿ

ಅಪ್ಪನ ಮುಖವಿರುವ ಕಲ್ಲು ಒಂಬತ್ತು ಕಿಲೋ ತೂಗುತ್ತದೆ. ಒಂದೂವರೆ ಅಡಿ ಎತ್ತರ, ಒಂದಡಿ ಅಗಲ, ಒಂದಿಂಚು ದಪ್ಪ. 1987ರ ಬೇಸಿಗೆಯಲ್ಲಿ ಅದನ್ನು ಮಾಡಿದಾಗ ನನಗೆ ಹದಿನಾರು. ತಾಂಡೂರಿನ ಮನೆ ಖಾಲಿ ಮಾಡಿದ ಮೇಲೆ ಗೋಣಿಚೀಲದಲ್ಲಿ ಸುತ್ತಿ ಜಹೀರಾಬಾದಿಗೆ ತಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಮುದುಕಿ ಚೀಲ ಮುಟ್ಟಿ ನೋಡಿ, "ದೇವರೇನಪ್ಪ?" ಎಂದಳು. ನಮ್ಮಪ್ಪ ಎಂದೆ. ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು. ಕಲ್ಲಿನ ಮೇಲೆ ಮನುಷ್ಯನ ಮುಖವಿದ್ದರೆ ಅದು ಸತ್ತವನದೇ ಎಂಬ ತಿಳಿವಳಿಕೆ ನಮ್ಮ ಕಡೆ ಈಗಲೂ ಗಟ್ಟಿ. ಇದನ್ನು ಮಾಡಿದಾಗ ಅಪ್ಪ ಬದುಕಿದ್ದ. ಆಮೇಲೂ ಮೂವತ್ತೆರಡು ವರ್ಷ ಬದುಕಿದ.

ಕಲ್ಲು ತಾಂಡೂರಿನ ನೀಲಿ ಫರ್ಸಿ. ವ್ಯಾಪಾರಿಗಳು ತಾಂಡೂರ್ ಬ್ಲೂ ಎನ್ನುತ್ತಾರೆ, ತೆಲುಗಿನಲ್ಲಿ ನಾಪರಾಯಿ, ನಮ್ಮ ಮನೆಯಲ್ಲಿ ಬರೀ ಫರ್ಸಿ. ಶಹಾಬಾದಿನಿಂದ ತಾಂಡೂರಿನ ತನಕ ನೆಲದಡಿ ಇರುವುದು ಒಂದೇ ಜಾತಿಯ ಸುಣ್ಣಕಲ್ಲು, ಭೂವಿಜ್ಞಾನಿಗಳು ಭೀಮಾ ಸಮೂಹ ಎಂದು ಕರೆಯುವಂಥದ್ದು. ಕಾಗಿಣಾ ಹೊಳೆ ತಾಂಡೂರಿನಿಂದ ಮಳಖೇಡದ ಕಡೆ ಹರಿಯುವುದು ಈ ಕಲ್ಲಿನ ಸೀಮೆಯಲ್ಲೇ. ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿ ಕೂತಿರುವುದೇ ಇದರ ಗುಣ. ಎರೆಮಣ್ಣು ತೆಗೆದು, ಗೆರೆ ಹಾಕಿ, ಸಾಲಾಗಿ ಉಳಿ ಇಟ್ಟು ಬಡಿದು, ಹಾರೆ ತೂರಿಸಿ ಮೀಟಿದರೆ ಹಾಸು ಹಾಸಾಗಿ ಎದ್ದು ಬರುತ್ತದೆ. ಮಶೀನು ಇಲ್ಲದ ಕಾಲದಲ್ಲೂ ಬಡವರ ಮನೆಗೆ ನೆಲಗಲ್ಲು ಸಿಕ್ಕಿದ್ದು ಈ ಗುಣದಿಂದ. ಅಪ್ಪ ಆ ಕೆಲಸ ಮಾಡುತ್ತಿದ್ದ. ಸುತ್ತಿಗೆಯ ಹಿಡಿಯಿಂದ ಕಲ್ಲನ್ನು ಒಮ್ಮೆ ತಟ್ಟಿ, ಸದ್ದು ಕೇಳಿ, ಎಷ್ಟು ದಪ್ಪಕ್ಕೆ ಬಿಡುತ್ತದೆ, ಒಳಗೆ ಬಿರುಕಿದೆಯೇ ಎಂದು ಹೇಳುತ್ತಿದ್ದ. ಆ ಸದ್ದುಗಳ ವ್ಯತ್ಯಾಸ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಅಪ್ಪನ ಊರು ನಾರಾಯಣಖೇಡ ತಾಲ್ಲೂಕಿನ ಒಂದು ಹಳ್ಳಿ, ಅವ್ವನದು ಜಹೀರಾಬಾದಿನ ಕಡೆ. ಇಬ್ಬರೂ ಹುಟ್ಟಿದಾಗ ಅವು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಮೂರೂ ಆಂಧ್ರಪ್ರದೇಶಕ್ಕೆ ಸೇರಿದವು. ಮುಂದೆ ತಾಂಡೂರು 1978ರಲ್ಲಿ ರಂಗಾರೆಡ್ಡಿ ಜಿಲ್ಲೆಗೆ, 2016ರಲ್ಲಿ ವಿಕಾರಾಬಾದ ಜಿಲ್ಲೆಗೆ ಹೋಯಿತು. ಅದೇ ವರ್ಷ ನಾರಾಯಣಖೇಡ, ಜಹೀರಾಬಾದಗಳು ಮೆದಕ ಬಿಟ್ಟು ಸಂಗಾರೆಡ್ಡಿಗೆ ಬಂದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಗಣಿಯಲ್ಲಿ ಕೂಲಿಯ ಲೆಕ್ಕ ದಖ್ಖನಿಯಲ್ಲಿ. ನಾನು ಕನ್ನಡ ಅಕ್ಷರ ಕಲಿತದ್ದು ಅವ್ವನ ತಮ್ಮನಿಂದ, ರಜೆಯಲ್ಲಿ ಬೀದರಿಗೆ ಹೋದಾಗ.

ಮಕ್ಕಳು ಅಪ್ಪನಿಗೆ, ಅವ್ವನಿಗೆ ಏನಾದರೂ ಕಾಣಿಕೆ ಕೊಡುವ ರೂಢಿ ನಮ್ಮಲ್ಲಿರಲಿಲ್ಲ. ಅಪ್ಪ ಹುಟ್ಟಿದ ದಿನ ಯಾರಿಗೂ ಗೊತ್ತಿರಲಿಲ್ಲ. ಕಲ್ಲಿನ ಮೇಲೆ ಅಪ್ಪನ ಮುಖ ಮಾಡಿ ಕೊಡುವ ಹುಚ್ಚು ನನಗೆ ಹತ್ತಿದ್ದು ಗೋಡೆ ಬರಹದ ಒಬ್ಬ ಪೇಂಟರನಿಂದ. ಅವನು ಸ್ಟೇಶನ್ ರಸ್ತೆಯ ಗೋಡೆಯ ಮೇಲೆ ಎನ್.ಟಿ. ರಾಮರಾವ್ ಮುಖ ಬರೆಯುತ್ತಿದ್ದ. ಕೈಯಲ್ಲಿ ಅಂಗೈಯಗಲದ ಫೋಟೊ, ಅದರ ಮೇಲೆ ಪೆನ್ಸಿಲಿನ ಚೌಕ ಮನೆಗಳು. ಗೋಡೆಯ ಮೇಲೆ ಅಷ್ಟೇ ಮನೆಗಳು, ಆದರೆ ಗೇಣಗಲ. ಒಂದು ಮನೆಯಲ್ಲಿ ಇದ್ದದ್ದನ್ನು ಇನ್ನೊಂದು ಮನೆಗೆ ದಾಟಿಸುವುದಷ್ಟೇ ಕೆಲಸ. "ಮುಖ ನೋಡಿದ್ರೆ ಮುಖ ಬರೋದಿಲ್ಲ, ಮನೆ ನೋಡು" ಎಂದ. ಮೂರು ಸಂಜೆ ಅವನ ಬಣ್ಣದ ಡಬ್ಬಿ ಹಿಡಿದು ನಿಂತೆ. ಹತ್ತನೆಯ ಪರೀಕ್ಷೆ ಆಗಲೇ ಮುಗಿದಿತ್ತು.

ಅಪ್ಪನ ಫೋಟೊ ಇದ್ದದ್ದು ಒಂದೇ. ಆ ವರ್ಷದ ಶಿವರಾತ್ರಿಗೆ ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಹೋದಾಗ, ಡೇರೆ ಹಾಕಿದ್ದ ಫೋಟೊದವನ ಮುಂದೆ ಅವ್ವ ಅವನನ್ನು ಬಲವಂತದಿಂದ ಕೂರಿಸಿದ್ದಳು. ಹಿಂದೆ ಬಟ್ಟೆಯ ಮೇಲೆ ಬರೆದ ತಾಜಮಹಲು. ತಲೆಗೆ ಬಿಳಿ ರುಮಾಲು, ಕತ್ತಿನ ತನಕ ಗುಂಡಿ ಹಾಕಿದ ಅಂಗಿ, ಉಸಿರು ಕಟ್ಟಿದವನ ಹಾಗೆ ಮುಖ. ವಾರದ ಮೇಲೆ ಕೈಗೆ ಬಂದ ಪಟದಲ್ಲಿ ಅಪ್ಪ ಹತ್ತು ವರ್ಷ ಚಿಕ್ಕವನಾಗಿ ಕಾಣುತ್ತಿದ್ದ. ಆ ಕಾಲದ ಫೋಟೊದವರು ನೆಗೆಟಿವ್ ಮೇಲೆ ಮೊನಚು ಪೆನ್ಸಿಲಿನಿಂದ ತಿದ್ದಿ ಸುಕ್ಕು, ಕಲೆಗಳನ್ನು ಅಳಿಸುತ್ತಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಕಲ್ಲನ್ನು ನಾನು ಕೊಳ್ಳಲಿಲ್ಲ. ಪಾಲಿಶ್ ಮಾಡುವ ಕಡೆ ಮೂಲೆ ಒಡೆದು ಬಿಸಾಡಿದ್ದ ಫರ್ಸಿಯೊಂದನ್ನು ಕೇಳಿ ತಂದು, ಉಳಿಯಿಂದ ನಾನೇ ಅಂಚು ಕಡಿದೆ. ಮೊದಲು ನನ್ನ ತಲೆಯಲ್ಲಿದ್ದದ್ದು ಗುಡಿಯ ಮೂರ್ತಿಯ ಹಾಗೆ ಉಬ್ಬಿದ ಮುಖ. ಸುತ್ತ ತಗ್ಗು ಮಾಡಿ, ಮೂಗು ಗಲ್ಲ ಎತ್ತರ ಬಿಡಬೇಕೆಂದು ಎರಡು ದಿನ ಬಡಿದೆ. ಮೂರನೆಯ ದಿನ ಮೂಗಿನ ಪಕ್ಕಕ್ಕೆ ಉಳಿ ಇಟ್ಟು ಮೆಲ್ಲಗೆ ತಟ್ಟಿದೆ, ರೊಟ್ಟಿಯ ಪೊರೆ ಎದ್ದ ಹಾಗೆ ಒಂದು ಪದರ ಪೂರಾ ಎದ್ದಿತು. ಮೂಗು, ಒಂದು ಕಣ್ಣು, ಅರ್ಧ ರುಮಾಲು, ಎಲ್ಲವೂ ನನ್ನ ಕೈಯಲ್ಲಿ ಚಕ್ಕೆಯಾಗಿ ಉಳಿದವು. ಅಪ್ಪನ ಕೂಲಿಗೆ ದಾರಿ ಮಾಡಿದ ಗುಣವೇ ಅಪ್ಪನ ಮುಖಕ್ಕೆ ಅಡ್ಡ ಬಂತು. ಎರಡನೆಯ ಕಲ್ಲಿಗೂ ಅದೇ ಗತಿ.

ಆ ನಡುವೆ ಬೀದರಿಗೆ ಹೋದಾಗ ಮಾಮ, ಅವ್ವನ ತಮ್ಮ, ಚೌಬಾರದ ಹತ್ತಿರದ ಒಂದು ಬಿದ್ರಿ ಅಂಗಡಿಗೆ ಕರೆದುಕೊಂಡು ಹೋದ. ಸತು, ತಾಮ್ರ ಬೆರೆಸಿ ಎರಕ ಹೊಯ್ದು ಅರ ಹಾಕಿದ ಹೂದಾನಿ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೇಲೆ ಬರೆದರೆ ಗೆರೆ ಕಾಣುವುದಿಲ್ಲ. ಕೆಲಸಗಾರ ಮೈಲುತುತ್ತದ ನೀರು ಸವರಿದ, ಲೋಹ ಕಪ್ಪಾಯಿತು. ಆಮೇಲೆ ಮೊನೆಯಿಂದ ನೇರವಾಗಿ ಬಳ್ಳಿ ಎಳೆದ. ಕಪ್ಪಿನ ಮೇಲೆ ಬಿಳಿ ಗೆರೆ ಎದ್ದು ಕಂಡಿತು. ಆ ಕಪ್ಪು ಕೆಲಸದ ಮಟ್ಟಿಗೆ ಮಾತ್ರ, ಆಮೇಲೆ ಹೋಗುತ್ತದೆ. ಉಳಿಯುವ ಕಪ್ಪು ಬರುವುದು ಬೆಳ್ಳಿ ಕೂರಿಸಿದ ಮೇಲೆ, ಕೋಟೆಯ ಮಣ್ಣು ಮತ್ತು ನವಸಾಗರದಿಂದ. ನನಗೆ ಬೇಕಾದದ್ದು ಮೊದಲನೆಯ ಕಪ್ಪೇ. ಉಬ್ಬು ಕೆತ್ತನೆಯ ಆಸೆ ಅಲ್ಲಿಗೇ ಬಿಟ್ಟೆ.

ಮೂರನೆಯ ಫರ್ಸಿಗೆ ಕಂದೀಲಿನ ಕಾಡಿಗೆಯನ್ನು ಔಡಲ ಎಣ್ಣೆಯಲ್ಲಿ ಕಲಸಿ ಬಳಿದು, ಮೇಣದ ಬತ್ತಿ ತಿಕ್ಕಿದೆ. ಅದರ ಮೇಲೆ ಚೌಕ ಮನೆ. ಮೊಳೆಯೊಂದನ್ನು ಮಸೆದು ಕೆರೆಯತೊಡಗಿದೆ. ಸುಣ್ಣಕಲ್ಲು ಮೆತ್ತಗಿರುವುದರಿಂದ ಕಬ್ಬಿಣದ ಮೊಳೆಗೆ ಬಗ್ಗುತ್ತದೆ, ಕೆರೆದಲ್ಲಿ ಬೂದು ಬಿಳಿ ಗೆರೆ ಏಳುತ್ತದೆ. ಹೀಗೆ ಮಾಡುವಾಗ ಎಲ್ಲವೂ ತಿರುವುಮುರುವು. ಕಾಗದದ ಮೇಲೆ ನೆರಳು ಬರೆಯುತ್ತೇವೆ, ಇಲ್ಲಿ ಬೆಳಕನ್ನು ಕೆರೆಯಬೇಕು. ಗಲ್ಲದ ಎಲುಬಿನ ಮೇಲೆ ಗೆರೆ ಒತ್ತೊತ್ತಾಗಿ, ಕೆಳಗೆ ಇಳಿದಂತೆ ವಿರಳ, ಗುಳಿಯಲ್ಲಿ ಏನೂ ಇಲ್ಲ. ಮೀಸೆಗೆ ಬಂದಾಗ ಮೊಳೆ ಸಾಲದಾಯಿತು. ನರೆತ ಮೀಸೆ ಗೆರೆಗಳಿಂದ ಹುಲ್ಲಿನ ಕಟ್ಟಿನಂತೆ ಕಂಡಿತು. ಅವ್ವ ಅಡುಗೆಮನೆಯ ಫರ್ಸಿಯ ಮೇಲೆ ಹುಣಸೆಹುಳಿ ಚೆಲ್ಲಿದರೆ ಬೈಯುತ್ತಿದ್ದದ್ದು ಆಗ ನೆನಪಾಯಿತು: ಹುಳಿ ಬಿದ್ದಲ್ಲಿ ಹೊಳಪು ಹೋಗಿ ಕಲ್ಲು ಬಿಳಿಚುತ್ತದೆ. ಮೀಸೆಯ ಜಾಗದ ಮೇಣ ಕೆರೆದು ತೆಗೆದು, ಅರಳೆಯಿಂದ ನಿಂಬೆರಸ ಒತ್ತಿದೆ. ಸಣ್ಣ ಗುಳ್ಳೆ ಎದ್ದವು. ಒರೆಸಿ ನೋಡಿದರೆ ಮೀಸೆ ನರೆತಿತ್ತು. ಆ ಸಂಜೆ ನನಗಾದ ಸಂತೋಷ ಹತ್ತನೆಯ ಫಲಿತಾಂಶ ಬಂದಾಗ ಆಗಲಿಲ್ಲ.

ಸುಣ್ಣಕಲ್ಲು, ಜಿಡ್ಡು, ಹುಳಿ, ಇವುಗಳ ಸಂಬಂಧದ ಮೇಲೆ ಒಂದು ಇಡೀ ಉದ್ಯಮ ನಿಂತಿತ್ತೆಂದು ಆಮೇಲೆ ಓದಿದೆ. 18ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದ ಕಲ್ಲಚ್ಚಿನಲ್ಲಿ ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ಆಮ್ಲ ಸವರಿ ಅಚ್ಚು ತೆಗೆಯುತ್ತಿದ್ದರು. ದಖ್ಖನ್ನಿನ ಎಷ್ಟೋ ಉರ್ದು ಪುಸ್ತಕಗಳು ಹಾಗೆ ಕಲ್ಲಿನಿಂದ ಬಂದವು. 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮನ ಪ್ರೆಸ್ಸಿನ ಲಕ್ಷ್ಮಿ ಸರಸ್ವತಿಯರೂ ಕಲ್ಲಿನಿಂದಲೇ ಮನೆಮನೆಗೆ ಬಂದವರು. ಅವ್ವನ ದೇವರ ಗೂಡಿನಲ್ಲಿ ಅಂಥದೊಂದು ಹಳೆಯ ಪಟವಿತ್ತು. ಅದರ ಕೆಳಗೆ ಕೂತೇ ನಾನು ಮೊಳೆ ಮಸೆಯುತ್ತಿದ್ದೆ.

ಮುಖ ಮುಗಿದಿತ್ತು, ಆದರೆ ಅಪ್ಪ ಆಗಿರಲಿಲ್ಲ. ಫೋಟೊದ ಒಂದೊಂದು ಮನೆಯನ್ನೂ ಮತ್ತೆ ತಾಳೆ ನೋಡಿದೆ, ತಪ್ಪಿರಲಿಲ್ಲ. ಎರಡು ದಿನ ಹಾಗೇ ಬಿಟ್ಟೆ. ಮೂರನೆಯ ದಿನ ಅಪ್ಪ ಉಣ್ಣುತ್ತಿದ್ದಾಗ ಎದುರಿಗೆ ಕೂತು ನೋಡಿದೆ. ಎಡಗಣ್ಣಿನ ಮೇಲ್ರೆಪ್ಪೆಯಲ್ಲಿ ಒಂದು ಕಚ್ಚು ಇತ್ತು, ಕಲ್ಲು ಬಡಿಯುವಾಗ ಸಿಡಿದ ಚಕ್ಕೆ ಬಿದ್ದು ಸೀಳಿದ್ದು. ನಾನು ಹುಟ್ಟುವ ಮೊದಲೇ ಆಗಿದ್ದ ಗಾಯ. ದಿನಾ ಕಾಣುತ್ತಿದ್ದರಿಂದ ನಾನು ಅದನ್ನು ನೋಡಿಯೇ ಇರಲಿಲ್ಲ. ಫೋಟೊದಲ್ಲಿ ಅದು ಇರಲೇ ಇಲ್ಲ. ರೆಪ್ಪೆ ಆ ಕಚ್ಚಿನ ಹತ್ತಿರ ಸ್ವಲ್ಪ ಇಳಿದು, ಅಪ್ಪ ಯಾವಾಗಲೂ ಯಾವುದನ್ನೋ ಅಳೆಯುತ್ತಿರುವವನ ಹಾಗೆ ಕಾಣುತ್ತಿದ್ದ. ಮೊದಲ ಸಲ ಚೌಕ ಮನೆ ಬಿಟ್ಟು, ಅಪ್ಪನನ್ನೇ ನೋಡಿ ಎರಡು ಗೆರೆ ಎಳೆದೆ. "ಏನ್ ನೋಡ್ಲಕತ್ತೀದಿ, ಉಣ್ಣು" ಎಂದ.

ಕೆಳಗೆ "ಅಪ್ಪ" ಎಂದು ಬರೆದೆ. ಕನ್ನಡ, ತೆಲುಗು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಕಾರ. ತಲಕಟ್ಟು ಮಾತ್ರ ಬೇರೆ. ತೆಲುಗಿನದು ಮಾಸ್ತರು ಹಾಕುವ ಸರಿ ಗುರುತಿನಂತೆ ಮೇಲಕ್ಕೆ ಹೋಗುತ್ತದೆ, ನಮ್ಮದು ಬಲಕ್ಕೆ ಬಾಗುತ್ತದೆ. ಹತ್ತು ವರ್ಷ ತೆಲುಗು ಬರೆದ ಕೈ ಸರಿ ಗುರುತನ್ನೇ ಎಳೆಯಿತು. ಕಲ್ಲಿನ ಮೇಲೆ ಅಳಿಸಲು ಬರುವುದಿಲ್ಲ. ಅದರ ಮೇಲೆಯೇ ಬಲಕ್ಕೊಂದು ಕೊಕ್ಕೆ ಸೇರಿಸಿದೆ. ಈಗಲೂ ಎರಡೂ ಕಾಣುತ್ತವೆ.

ಕಾರಹುಣ್ಣಿಮೆಯ ಹಿಂದಿನ ಸಂಜೆ ಅಪ್ಪನ ಮುಂದೆ ಇಟ್ಟೆ. ಮೊದಲು ಮಾತಾಡಿದವಳು ಅವ್ವ. "ಜೀವ ಇದ್ದವರ ಮಾರಿ ಕಲ್ಲಿನ ಮ್ಯಾಲ ಯಾರ ಕೆತ್ತತಾರ? ಗದ್ದಗಿ ಮಾಡ್ಲಕತ್ತೀದೇನು?" ಎಂದು ಸೆರಗು ಬಾಯಿಗೆ ಹಿಡಿದಳು. ನಮ್ಮಲ್ಲಿ ಹೂಳುತ್ತಾರೆ, ಹೂಳಿದಲ್ಲಿ ಗದ್ದುಗೆ ಕಟ್ಟಿ ಕಲ್ಲು ನಿಲ್ಲಿಸುತ್ತಾರೆ. ವೀರಗಲ್ಲಿನ ಕಾಲದಿಂದ ಕಲ್ಲಿನ ಮೇಲಿನ ಮನುಷ್ಯ ಸತ್ತವನೇ. ನಲವತ್ತು ದಿನ ಮೊಳೆ ಹಿಡಿದು ಕೂತಾಗ ಇದು ನನಗೆ ಹೊಳೆದಿರಲಿಲ್ಲ.

ಅಪ್ಪ ಏನೂ ಅನ್ನದೆ ಕಲ್ಲನ್ನು ಎತ್ತಿದ. ಮುಖದ ಕಡೆ ಒಮ್ಮೆ ನೋಡಿ, ತಿರುವಿ, ಬೆನ್ನು ನೋಡಿದ. ಬೆರಳಿನ ಗೆಣ್ಣಿನಿಂದ ತಟ್ಟಿದ. ಅಂಚಿನ ಮೇಲೆ ಹೆಬ್ಬೆರಳು ಎಳೆದ. "ಕಲ್ಲು ಗಟ್ಟಿ ಅದ. ಈ ಕಡಿ ಎರಡು ಸೂತ ಕಮ್ಮಿ ಅದ" ಎಂದ. ಎಂಟು ಸೂತಕ್ಕೆ ಒಂದಿಂಚು. ಆಮೇಲೆ ಅಳೆದೆ, ಬಲಗಡೆಯ ಅಂಚು ಸರಿಯಾಗಿ ಕಾಲು ಇಂಚು ಗಿಡ್ಡವಿತ್ತು. ಸ್ವಲ್ಪ ಹೊತ್ತಿನ ಮೇಲೆ, "ಫರ್ಸಿ ಕಾಲಾಗ ಹಾಸೋ ಜಿನಸು. ಮಾರಿ ಮಾಡೀದಿ, ಮಾಡು. ಹಾಸಬ್ಯಾಡ್ರಿ, ಅಷ್ಟೇ" ಎಂದು ಅದನ್ನು ತಾನೇ ಒಯ್ದು ಪಡಸಾಲೆಯ ಗೋಡೆಯ ಗೂಡಿನಲ್ಲಿ ನಿಲ್ಲಿಸಿದ. ಹೋಲುತ್ತದೆ ಎಂದಾಗಲಿ ಹೋಲುವುದಿಲ್ಲ ಎಂದಾಗಲಿ ಆ ದಿನವೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನಾನು ಕಾದೆ, ಕೆಲವು ವರ್ಷ. ಆಮೇಲೆ ಕಾಯುವುದು ಮರೆಯಿತು. ಕಲ್ಲಿನ ಹಿಂದೆ ಕರೆಂಟು ಬಿಲ್ಲು, ರೇಶನ್ ಕಾರ್ಡು, ಔಷಧದ ಚೀಟಿ ಸೇರಿದವು. ಬಿಲ್ಲು ಎಲ್ಲಿ ಎಂದರೆ ಅಪ್ಪನ ಹಿಂದೆ ಎನ್ನುವುದು ಮನೆಯ ಮಾತಾಯಿತು. ಹಬ್ಬಕ್ಕೊಮ್ಮೆ ಅವ್ವ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಕಾಡಿಗೆ ವರ್ಷ ವರ್ಷ ಹೋಗುತ್ತಾ ಬಂತು. ಈಗ ನೇರ ಬೆಳಕಿನಲ್ಲಿ ಅದು ಬರೀ ಗೀಚಿದ ಬೂದುಗಲ್ಲು. ಕಿಟಕಿಯ ಪಕ್ಕ ಓರೆಯಾಗಿ ಹಿಡಿದರೆ ಮುಖ ಏಳುತ್ತದೆ.

ಅಪ್ಪ 2019ರಲ್ಲಿ ತೀರಿಕೊಂಡ. ಗದ್ದುಗೆಯ ಕಲ್ಲಿನ ಜವಾಬ್ದಾರಿ ಅಣ್ಣನ ಮಗ ತೆಗೆದುಕೊಂಡ. ಜಹೀರಾಬಾದಿನಲ್ಲಿ ಹೆದ್ದಾರಿಗೆ ಹೊಂದಿಕೊಂಡ, ಲೇಸರಿನಿಂದ ಕಲ್ಲಿನ ಮೇಲೆ ಮುಖ ಕೆತ್ತುವ ಒಂದು ಅಂಗಡಿಗೆ ಇಬ್ಬರೂ ಹೋದೆವು. ಫರ್ಸಿಯ ಮೇಲೆ ಮಾಡುತ್ತೀರಾ ಎಂದು ಕೇಳಿದೆ. ಅಂಗಡಿಯ ಹುಡುಗ ಸಮಾಧಾನದಿಂದಲೇ ವಿವರಿಸಿದ: ಬೂದುಗಲ್ಲಿನ ಮೇಲೆ ಲೇಸರಿನ ಚುಕ್ಕೆ ಎದ್ದು ಕಾಣುವುದಿಲ್ಲ, ಕಪ್ಪು ಗ್ರಾನೈಟೇ ಆಗಬೇಕು. ನಯಗೊಳಿಸಿದ ಕಪ್ಪಿನ ಮೇಲೆ ಲೇಸರು ತಾಗಿದ ಕಡೆ ಹರಳು ಸಿಡಿದು ಬಿಳಿ ಚುಕ್ಕೆಯಾಗುತ್ತದೆ. ಚುಕ್ಕೆ ದಟ್ಟವಾದಲ್ಲಿ ಬೆಳಕು, ಇಲ್ಲದಲ್ಲಿ ನೆರಳು. ನಾನು ಕಾಡಿಗೆ ಬಳಿದು ಮೊಳೆಯಿಂದ ಮಾಡಿದ್ದೂ ಇದನ್ನೇ. ಮಶೀನಿಗೆ ನಲವತ್ತು ನಿಮಿಷ ಸಾಕಾಯಿತು. ಅದರ ಹೋಲಿಕೆ ನನ್ನದಕ್ಕಿಂತ ಎಷ್ಟೋ ಮೇಲು, ಇದನ್ನು ಹೇಳಲು ನನಗೆ ಸಂಕಟವಿಲ್ಲ. ಗ್ರಾನೈಟಿನ ಕಪ್ಪು ಒರೆಸಿದರೆ ಹೋಗುವುದೂ ಇಲ್ಲ. ಸಂಕಟವಾದದ್ದು ಬೇರೆ ವಿಷಯಕ್ಕೆ. ಊರೂರಿಗೆ ಕಲ್ಲು ಕಳಿಸುವ ತಾಂಡೂರಿನಲ್ಲೂ ಈಗ ಸತ್ತವರ ಮುಖಕ್ಕೆ ಬೇರೆ ಕಡೆಯ ಕಪ್ಪು ಕಲ್ಲು ಬರುತ್ತದೆ. ಹೊಸ ಮನೆಗಳ ನೆಲಕ್ಕೂ ಟೈಲ್ಸ್. ರಸ್ತೆಯ ಪಕ್ಕದಲ್ಲಿ ಪಾಲಿಶಿನ ಬಿಳಿ ಕೆಸರು ಒಣಗಿ ಗುಡ್ಡೆಯಾಗಿ ಬಿದ್ದಿರುತ್ತದೆ, ಗಾಳಿ ಬಂದರೆ ತೊಗರಿಯ ಹೊಲದ ಮೇಲೆ ಹಾರುತ್ತದೆ.

ಅಣ್ಣನ ಮಗ ಕೊಟ್ಟದ್ದು ಮದುವೆಯೊಂದರಲ್ಲಿ ಮೊಬೈಲಿನಿಂದ ತೆಗೆದ ಫೋಟೊ. ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿದಾಗ ನೋಡಿದೆ. ಎಡ ರೆಪ್ಪೆ ನಯವಾಗಿತ್ತು. ಹುಡುಗ ತಿದ್ದಿರಲಿಲ್ಲ; ಮುಖ ಚೆಂದ ಕಾಣಲೆಂದು ಫೋನೇ ತಿದ್ದಿತ್ತು. ಜಾತ್ರೆಯ ಡೇರೆಯವನ ಪೆನ್ಸಿಲು ಮಾಡಿದ್ದನ್ನೇ ಇದೂ ಮಾಡಿತ್ತು. ಮನೆಯವರ ಫೋನುಗಳನ್ನೆಲ್ಲ ಹುಡುಕಿಸಿದೆ. ಒಂದರಲ್ಲಿ ದೂರ, ಒಂದರಲ್ಲಿ ಕಣ್ಣಿಗೆ ಬಿಸಿಲು, ಉಳಿದವು ಎಲ್ಲ ನಯ. ಎಪ್ಪತ್ತು ದಾಟಿದ ಮನುಷ್ಯನ ಅಷ್ಟು ಫೋಟೊಗಳಲ್ಲಿ ಆ ಕಚ್ಚು ಎಲ್ಲೂ ಸಿಗಲಿಲ್ಲ. ಕೊನೆಗೆ ತಾಂಡೂರಿಗೆ ಫೋನು ಮಾಡಿ, ಗೂಡಿನ ಕಲ್ಲನ್ನು ಕಿಟಕಿಯ ಹತ್ತಿರ ಓರೆಯಾಗಿ ಹಿಡಿದು ಫೋಟೊ ಕಳಿಸಲು ಹೇಳಿದೆ. ಹುಡುಗ ಅದನ್ನು ಪಕ್ಕದಲ್ಲಿಟ್ಟುಕೊಂಡು ಮೌಸಿನಿಂದ ಎರಡು ಗೆರೆ ಎಳೆದ. "ಹಿಂಗಾ, ಅಂಕಲ್?" ಎಂದ. ಸ್ವಲ್ಪ ಕೆಳಗೆ ಎಂದೆ. ಮೂರನೆಯ ಸಲಕ್ಕೆ ಸರಿಯಾಯಿತು. ಅಣ್ಣನ ಮಗ, "ಕಾಕಾ, ಅಜ್ಜಗ ಇದಿತ್ತಾ?" ಎಂದ. ಅವನು ಅಜ್ಜನ ತೊಡೆಯ ಮೇಲೆ ಬೆಳೆದವನು.

ಈಗ ಅವ್ವ ನನ್ನ ಜೊತೆ ಜಹೀರಾಬಾದಿನಲ್ಲಿದ್ದಾಳೆ. ಹೋದ ತಿಂಗಳು ಆಕೆಯದೊಂದು ಮಾಡುತ್ತೇನೆಂದು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ನಿಮ್ಮಪ್ಪ ಕಲ್ಲಾದ ಮ್ಯಾಲ ಮೂವತ್ತ ವರ್ಷ ಬದುಕ್ಯಾನ. ಮಾಡು" ಎಂದಳು. ತಾಂಡೂರಿನಿಂದ ಒಂದು ನೀಲಿ ಫರ್ಸಿ ತರಿಸಿದೆ, ಈ ಸಲ ದುಡ್ಡು ಕೊಟ್ಟು, ನಾಲ್ಕೂ ಅಂಚು ಮಶೀನಿನಿಂದ ಕೊಯ್ಸಿ. ಅಳತೆಪಟ್ಟಿ ಹಾಕಿ ನೋಡಿದೆ, ಒಂದು ಸೂತವೂ ಹೆಚ್ಚುಕಡಿಮೆ ಇಲ್ಲ. ಮೊಳೆಯ ಬದಲು ಕಾರ್ಬೈಡ್ ಮೊನೆಯ ಪೆನ್ನು ಕೊಂಡೆ. ಅದರ ಗೆರೆ ಸಣ್ಣಗೆ, ಸಮನಾಗಿ ಬರುತ್ತದೆ, ಆದರೆ ನನ್ನ ಕೈ ಈಗ ಹತ್ತು ನಿಮಿಷಕ್ಕೊಮ್ಮೆ ನಡುಗುತ್ತದೆ. ಕಾಡಿಗೆಗೆ ಕಂದೀಲಿಲ್ಲ, ಹಣತೆಯ ಮೇಲೆ ತಟ್ಟೆ ಬೋರಲು ಹಾಕಿ ತೆಗೆದೆ. ಫೋಟೊ ಇಟ್ಟುಕೊಂಡಿಲ್ಲ. ಮಧ್ಯಾಹ್ನ ಉಂಡ ಮೇಲೆ ಅವ್ವ ಬಾಗಿಲ ಬೆಳಕಿಗೆ ಕೂರುತ್ತಾಳೆ, ಎದುರಿಗೆ ನಾನು. ಅರ್ಧ ತಾಸಿನಲ್ಲಿ ತೂಕಡಿಕೆ ಬರುತ್ತದೆ, ತಲೆ ಎಡಕ್ಕೆ ವಾಲುತ್ತದೆ, ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಹಣೆ, ಮೂಗು, ಬಾಯಿ ಆಗಿವೆ. ಎರಡು ವಾರದಿಂದ ಬಲಗಿವಿಯ ಹತ್ತಿರ ನಿಂತಿದ್ದೇನೆ. ಕಿವಿಯ ಮೇಲಂಚಿನಲ್ಲಿ ಬುಗುಡಿ ಇಡುತ್ತಿದ್ದ ತೂತು ಇದೆ. ನನ್ನ ಕಾಲೇಜಿಗೆಂದು ಮಾರಿದ ಮೇಲೆ ಅದರಲ್ಲಿ ಏನನ್ನೂ ಇಟ್ಟಿಲ್ಲ. ತೂತು ಜೋತು ಉದ್ದವಾಗಿದೆ, ಒಳಗಿಂದ ಹಿಂದಿನ ಬಾಗಿಲ ಬೆಳಕು ಕಾಣುತ್ತದೆ. ಅದನ್ನು ಕೆರೆದರೆ ಬಿಳಿಯಾಗಿ ಬುಗುಡಿ ಇಟ್ಟ ಹಾಗೆ ಕಾಣುತ್ತದೆ, ಕೆರೆಯದೆ ಬಿಟ್ಟರೆ ಕಪ್ಪಾಗಿ ತೂತು ಮುಚ್ಚಿದ ಹಾಗೆ ಕಾಣುತ್ತದೆ. ನಿನ್ನೆ ಅವ್ವನನ್ನೇ ಕೇಳಿದೆ. ಕಲ್ಲನ್ನು ತನ್ನ ಕಡೆ ಎಳೆದುಕೊಂಡು, ಕಿವಿಯ ಜಾಗವನ್ನು ಬೆರಳಿನಿಂದ ತಡವಿ, "ಇನ್ನಾ ಮ್ಯಾಲ" ಎಂದಳು.